ಹಿನ್ನೀರಿನ ದೋಣಿಗೆ ಕಡಿಮೆ ಖರ್ಚಿನ ಉದ್ದಬಾಲದ ಎಂಜಿನ್: ನಡುಕ ಹುಟ್ಟುವುದು ಎಲ್ಲಿ?

ಪ್ರಶ್ನೆ: ನಮ್ಮದು ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿನ ದಂಡೆಯ ಊರು. 16 ಅಡಿಯ ಫೈಬರ್ ದೋಣಿಯಲ್ಲಿ ಇಬ್ಬರು ಮೀನು ಹಿಡಿಯುತ್ತೇವೆ. ಬೇಸಿಗೆಯಲ್ಲಿ ನೀರು ಇಳಿದಾಗ, ದೋಣಿಯ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ ರಾಡಿಯಲ್ಲಿ ಹೂತು, ಮುಳುಗಿದ ಜಾಲಿ ಬೊಡ್ಡೆಗಳಿಗೆ ಬಡಿದು ಕೆಟ್ಟಿತು. ಹೀಗಾಗಿ ಕಳೆ ತೆಗೆಯುವ ಯಂತ್ರದಿಂದ ಬಿಚ್ಚಿದ 6.5 ಎಚ್.ಪಿ. ಪೆಟ್ರೋಲ್ ಎಂಜಿನ್ನಿಗೆ 20 ಮಿ.ಮೀ. ದಪ್ಪ, 6 ಅಡಿ ಉದ್ದದ ರಾಡು ಜೋಡಿಸಿ, ಅದನ್ನು ಪೈಪಿನೊಳಗೆ ಹಾಯಿಸಿ, ಪೈಪಿನ ಎರಡು ತುದಿಗೆ ಬೇರಿಂಗ್ ಕೂಡಿಸಿ, ನೀರಿನಲ್ಲಿ ತಿರುಗುವ ಫ್ಯಾನಿಗೆ ನಾವೇ ಒಂದು ಉದ್ದ ಬಾಲ ಮಾಡಿದೆವು. ನಿಧಾನ ತಿರುಗುವಾಗ ಸುಮ್ಮನಿರುತ್ತದೆ. ಎಕ್ಸಿಲರೇಟರ್ ಮುಕ್ಕಾಲು ಏರಿಸಿದರೆ ಕೈಯಲ್ಲಿ ಹಿಡಿಯಲಾಗದಷ್ಟು ನಡುಗುತ್ತದೆ. ಕೊನೆಗೆ ಎಂಜಿನ್ನನ್ನೂ ರಾಡನ್ನೂ ಜೋಡಿಸುವ ಕಪ್ಲಿಂಗಿನ ಬೋಲ್ಟು ತುಂಡಾಯಿತು. ಬಿಚ್ಚಿ ನೋಡಿದರೆ ರಾಡಿನ ಮೇಲೆ ಎರಡು ಕಡೆ ಉಜ್ಜಿದ ಗುರುತು ಇದೆ. 25 ಮಿ.ಮೀ. ರಾಡು ಹಾಕಬೇಕೆ? ಅಥವಾ 10 ಎಚ್.ಪಿ. ಎಂಜಿನ್ ತರಬೇಕೆ? ಹಳೆಯ ಔಟ್‌ಬೋರ್ಡಿನ ಫ್ಯಾನ್ ನಮ್ಮಲ್ಲಿದೆ, ಅದನ್ನೇ ಹಾಕಬಹುದೆ?

ಉತ್ತರ: ಎರಡೂ ಬೇಡ. ನಿಮ್ಮ ಎಂಜಿನ್ ಸಾಕು, 20 ಮಿ.ಮೀ. ರಾಡೂ ಸಾಕು. ಹೊಸ ಎಂಜಿನ್ನಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಲೇತ್ ಕೆಲಸಕ್ಕೆ ಕೊಟ್ಟರೆ ಈ ಬಾಲ ಸರಿಯಾಗುತ್ತದೆ. ಹೀಗೆ ಧೈರ್ಯದಿಂದ ಹೇಳಲು ನೀವು ಬರೆದ ಒಂದು ವಾಕ್ಯವೇ ಕಾರಣ: ರಾಡಿನ ಮೇಲೆ ಎರಡು ಕಡೆ ಉಜ್ಜಿದ ಗುರುತು ಇದೆ ಎಂಬುದು.

ಇಬ್ಬರು ಮಕ್ಕಳು ಹಗ್ಗದ ತುದಿಗಳನ್ನು ಹಿಡಿದು ತಿರುವಿದಾಗ ಹಗ್ಗ ನಡುವೆ ಒಂದೇ ಹೊಟ್ಟೆಯಾಗಿ ಉಬ್ಬುತ್ತದೆ. ಇನ್ನೂ ಜೋರಾಗಿ ತಿರುವಿದರೆ ನಡುಭಾಗ ನಿಂತಂತಾಗಿ, ಅದರ ಆಚೆಗೊಂದು ಈಚೆಗೊಂದು ಎರಡು ಹೊಟ್ಟೆಗಳು ಏಳುತ್ತವೆ. ತಿರುಗುವ ಉಕ್ಕಿನ ರಾಡೂ ಇದನ್ನೇ ಮಾಡುತ್ತದೆ. ಪುಸ್ತಕದಲ್ಲಿ ಇದಕ್ಕೆ ಕ್ರಿಟಿಕಲ್ ಸ್ಪೀಡ್ ಎಂಬ ಹೆಸರಿದೆ. ನಾನು ಕಲಿಸುತ್ತಿದ್ದ ಪಾಲಿಟೆಕ್ನಿಕ್ ವರ್ಕ್‌ಶಾಪಿನಲ್ಲಿ ಹುಡುಗರು ಅದನ್ನು ಶಾಫ್ಟ್ (ತಿರುಗುವ ರಾಡು) ಕುಣಿಯುವ ವೇಗ ಎನ್ನುತ್ತಿದ್ದರು, ಆ ಹೆಸರೇ ಚೆನ್ನಾಗಿದೆ. ಎರಡು ತುದಿಗೆ ಮಾತ್ರ ಆಧಾರವಿರುವ ಘನ ಉಕ್ಕಿನ ರಾಡಿಗೆ ಲೆಕ್ಕ ಸುಲಭ: ಮಿಲಿಮೀಟರಿನಲ್ಲಿ ರಾಡಿನ ದಪ್ಪವನ್ನು 120ರಿಂದ ಗುಣಿಸಿ, ಆಧಾರಗಳ ನಡುವಿನ ಅಂತರವನ್ನು ಮೀಟರಿನಲ್ಲಿ ಅಳೆದು ಅದರ ವರ್ಗದಿಂದ ಭಾಗಿಸಿದರೆ, ಮೊದಲ ಕುಣಿತ ಯಾವ ವೇಗದಲ್ಲಿ ಬರುತ್ತದೆ ಎಂಬುದು ನಿಮಿಷಕ್ಕಿಷ್ಟು ಸುತ್ತು ಎಂದು ಸಿಗುತ್ತದೆ. ಎರಡನೆಯ ಕುಣಿತ ಬರುವುದು ಅದರ ನಾಲ್ಕು ಪಟ್ಟು ವೇಗದಲ್ಲಿ.

ನಿಮ್ಮ ರಾಡಿಗೆ ಈ ಲೆಕ್ಕ ಹಾಕೋಣ. 6 ಅಡಿ ಎಂದರೆ 1.83 ಮೀಟರ್. ಮೊದಲ ಕುಣಿತ ಸುಮಾರು 720 ಸುತ್ತಿಗೆ, ಎರಡನೆಯದು ಸುಮಾರು 2,900 ಸುತ್ತಿಗೆ. ಈ ಬಗೆಯ ಎಂಜಿನ್ ಹೊರೆಯಿಲ್ಲದೆ ನಿಧಾನವಾಗಿ ತಿರುಗುವಾಗಲೇ 1,400ರ ಆಸುಪಾಸಿನಲ್ಲಿರುತ್ತದೆ. ಅಂದರೆ ಹಗ್ಗ ಎಳೆದು ಶುರು ಮಾಡಿದ ಕ್ಷಣದಲ್ಲೇ ಮೊದಲ ಕುಣಿತವನ್ನು ದಾಟಿ ಹೋಗಿರುತ್ತದೆ, ನಿಮಗದು ಗೊತ್ತೂ ಆಗುವುದಿಲ್ಲ. ಆಮೇಲೆ ಎಕ್ಸಿಲರೇಟರ್ ಮುಕ್ಕಾಲು ಏರಿಸಿದಾಗ ನೇರವಾಗಿ ಎರಡನೆಯ ಕುಣಿತದ ಬಾಯಿಗೆ ಹೋಗಿ ಬೀಳುತ್ತೀರಿ. ಉಜ್ಜಿದ ಎರಡು ಗುರುತುಗಳು ಒಂದೊಂದು ತುದಿಯಿಂದ ಸುಮಾರು ಒಂದೂವರೆ ಅಡಿ ಒಳಗೆ, ಎಂದರೆ ಉದ್ದದ ಕಾಲು ಭಾಗದಲ್ಲಿ ಇರಬೇಕು. ಇನ್ನೊಂದನ್ನೂ ಪರೀಕ್ಷಿಸಿ: ಒಂದು ಗುರುತು ರಾಡಿನ ಈ ಮಗ್ಗುಲಲ್ಲಿದ್ದರೆ ಇನ್ನೊಂದು ಅದರ ಎದುರು ಮಗ್ಗುಲಲ್ಲಿರುತ್ತದೆ, ಆದರೆ ಪೈಪಿನ ಒಳಗೋಡೆ ಆ ಜಾಗಗಳಲ್ಲಿ ಸುತ್ತಲೂ ಸವೆದಿರುತ್ತದೆ. ಹಾಗೆ ಕಂಡರೆ ರೋಗ ಯಾವುದೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಇದೇ ಲೆಕ್ಕದಲ್ಲಿ 25 ಮಿ.ಮೀ. ರಾಡಿನ ಗತಿಯನ್ನೂ ನೋಡಿ. ಎರಡನೆಯ ಕುಣಿತ 2,900ರಿಂದ 3,600ರ ಹತ್ತಿರಕ್ಕೆ ಸರಿಯುತ್ತದೆ, ಅಷ್ಟೆ. ನಿಮ್ಮ ಎಂಜಿನ್ನಿನ ಪೂರ್ಣ ವೇಗವೂ 3,600. ಒಂದೂವರೆ ಪಟ್ಟು ಭಾರದ ರಾಡನ್ನು ಹೊತ್ತು, ನಡುಕವನ್ನು ಮುಕ್ಕಾಲು ವೇಗದಿಂದ ಪೂರ್ಣ ವೇಗಕ್ಕೆ ಸಾಗಿಸಿದಂತಾಗುತ್ತದೆ. ತಿರುಚುವ ಬಲವನ್ನು ತಾಳಲು ದಪ್ಪ ರಾಡು ಬೇಕೆಂಬ ಮಾತಿಗೂ ಹುರುಳಿಲ್ಲ: 6.5 ಎಚ್.ಪಿ. ಎಂಜಿನ್ 3,600 ಸುತ್ತಿನಲ್ಲಿ ಕೊಡುವ ಟಾರ್ಕ್ ಸುಮಾರು 13 ನ್ಯೂಟನ್ ಮೀಟರ್. ಸಾಧಾರಣ ಉಕ್ಕಿನ 20 ಮಿ.ಮೀ. ರಾಡು ಅದರ ನಾಲ್ಕೈದು ಪಟ್ಟನ್ನು ನಿಶ್ಚಿಂತೆಯಿಂದ ತಾಳುತ್ತದೆ.

ಪರಿಹಾರವಿರುವುದು ಆಧಾರಗಳ ಅಂತರದಲ್ಲಿ. ಆ ಅಂತರ ವರ್ಗವಾಗಿ ಲೆಕ್ಕಕ್ಕೆ ಬರುವುದರಿಂದ, ನಡುವೆ ಎರಡು ಬುಷ್ (ರಾಡು ಹಾಯುವ ಬಳೆಯಂಥ ಆಧಾರ) ಕೊಟ್ಟು ಆರಡಿಯನ್ನು ಎರಡೆರಡು ಅಡಿಯ ಮೂರು ಪಾಲು ಮಾಡಿದರೆ ಮೊದಲ ಕುಣಿತವೇ ಒಂಬತ್ತು ಪಟ್ಟು ಮೇಲೇರಿ 6,400 ಸುತ್ತಿನ ಆಚೆಗೆ ಹೋಗುತ್ತದೆ. ನಿಮ್ಮ ಎಂಜಿನ್ ಅಲ್ಲಿಗೆ ಎಂದೂ ಮುಟ್ಟುವುದಿಲ್ಲ. ನಮ್ಮ ಹೊಳೆಸಾಲಿನ ಏತ ನೀರಾವರಿಗಳಲ್ಲಿ ವರ್ಟಿಕಲ್ ಟರ್ಬೈನ್ ಪಂಪು ಬಿಚ್ಚುವುದನ್ನು ನೋಡಿದ್ದರೆ, ಅದರ ಉದ್ದನೆಯ ಶಾಫ್ಟಿಗೆ ಪೈಪಿನೊಳಗೆ ಅಲ್ಲಲ್ಲಿ ಬೇರಿಂಗ್ ಕೂಡಿಸಿರುವುದು ನೆನಪಿಗೆ ಬರಬಹುದು. ಅಲ್ಲಿಯೂ ಕಾರಣ ಇದೇ.

ಬುಷ್ ಮಾಡುವ ಬಗೆ ಹೀಗಿರಲಿ. ಒಂದೂವರೆ ಇಂಚಿನ ಮೀಡಿಯಂ ಜಿ.ಐ. ಪೈಪಿನ ಒಳವ್ಯಾಸ ಸುಮಾರು 42 ಮಿ.ಮೀ. ಇರುತ್ತದೆ. ಪೈಪಿನೊಳಗೆ ಉದ್ದಕ್ಕೂ ವೆಲ್ಡಿನ ಏಣು ಇರುವುದರಿಂದ ಬುಷ್ ಕೂರುವ ಜಾಗದಲ್ಲಿ ಅದನ್ನು ಉದ್ದ ಹಿಡಿಯ ಅರದಿಂದ ತೆಗೆಯಬೇಕು. ನೈಲಾನ್ ರಾಡಿನಿಂದ 60 ಮಿ.ಮೀ. ಉದ್ದದ ಬುಷ್ ಕಡೆಸಿ, ಪೈಪಿನಲ್ಲಿ ಕೈಯಿಂದ ಒತ್ತಿದರೆ ಬಿಗಿಯಾಗಿ ಸರಿಯುವಂತೆ ಹೊರವ್ಯಾಸ ಕೊಡಿಸಿ. ಒಳವ್ಯಾಸದಲ್ಲಿ ಮಾತ್ರ ಟರ್ನರ್ ತನ್ನ ಅಭ್ಯಾಸದಂತೆ ಬಿಗಿ ಕೊಡಲು ಬಿಡಬೇಡಿ. ನೈಲಾನ್ ನೀರು ಕುಡಿದು ಉಬ್ಬುವ ಪದಾರ್ಥ; ಇಂದು ಚೆಂದವಾಗಿ ಕೂತ ಬುಷ್ ವಾರ ಬಿಟ್ಟು ಶಾಫ್ಟನ್ನು ಹಿಡಿದುಕೊಳ್ಳುತ್ತದೆ. ನಡುವಿನ ಬುಷ್‌ಗಳಿಗೆ 0.3 ಮಿ.ಮೀ. ಸಡಿಲು ಇರಲಿ. ಅವು ಶಾಫ್ಟನ್ನು ಹೊರುವ ಬುಷ್‌ಗಳಲ್ಲ, ಅದು ಕುಣಿಯದಂತೆ ತಡೆಯುವಂಥವು. ಡೆಲ್ರಿನ್ ಎಂಬ ಪ್ಲಾಸ್ಟಿಕ್ ಸಿಕ್ಕರೆ ನೈಲಾನಿಗಿಂತ ಒಳ್ಳೆಯದು, ಅದು ಅಷ್ಟಾಗಿ ಉಬ್ಬುವುದಿಲ್ಲ. ಪ್ರತಿ ಬುಷ್‌ಗೂ ಪೈಪಿನ ಹೊರಗಿನಿಂದ ಅದನ್ನು ಜಾಗದಲ್ಲಿ ಹಿಡಿದಿಡುವ ಒಂದು ಗ್ರಬ್ ಸ್ಕ್ರೂ ಮತ್ತು ಒಂದು ಗ್ರೀಸ್ ನಿಪ್ಪಲ್ ಕೊಡಿ.

ರಾಡು ನೆಟ್ಟಗಿದೆಯೇ ಎಂದು ನೋಡಲು ಡಯಲ್ ಗೇಜ್ ಇಲ್ಲದಿದ್ದರೂ ನಡೆಯುತ್ತದೆ. ಎರಡು ಬೇರಿಂಗುಗಳ ಮೇಲೆ ಅದನ್ನಿಟ್ಟು, ನಡುವೆ ಒಂದು ಸೀಮೆಸುಣ್ಣದ ಕಡ್ಡಿಯನ್ನು ಮುಟ್ಟಿಯೂ ಮುಟ್ಟದಂತೆ ಆಧಾರ ಕೊಟ್ಟು ಹಿಡಿದು, ಕೈಯಿಂದ ತಿರುಗಿಸಿ. ಸುಣ್ಣ ಒಂದೇ ಮಗ್ಗುಲಿಗೆ ಹತ್ತಿದರೆ ಆ ಮಗ್ಗುಲಿಗೆ ಉಬ್ಬಿದೆ ಎಂದರ್ಥ. ಹಳೆಯ ಸಬ್‌ಮರ್ಸಿಬಲ್ ಪಂಪಿನ ಸ್ಟೀಲ್ ಶಾಫ್ಟುಗಳು ನಮ್ಮ ಕಡೆಯ ರಿವೈಂಡಿಂಗ್ ಅಂಗಡಿಗಳಲ್ಲಿ ಗುಜರಿ ದರಕ್ಕೆ ಸಿಗುತ್ತವೆಂದು ಕೆಲವರು ಅವುಗಳ ಬೆನ್ನು ಹತ್ತುತ್ತಾರೆ. ಆದರೆ ಅವುಗಳಲ್ಲಿ ಹಲವು ಷಟ್ಕೋನದವು ಅಥವಾ ಉದ್ದಕ್ಕೂ ಕೀ ಕೂರುವ ಸೀಳು ಕೊರೆದಂಥವು, ಬುಷ್‌ನಲ್ಲಿ ಕೂರುವುದಿಲ್ಲ. ಉದ್ದ ಸಾಲದೆಂದು ಎರಡು ತುಂಡು ವೆಲ್ಡ್ ಮಾಡಿದರಂತೂ ಅದು ನೆಟ್ಟಗೆ ಉಳಿಯುವುದೇ ಇಲ್ಲ. ರಾಡು ಬದಲಿಸಬೇಕಾದರೆ ಇ.ಎನ್.8 ಉಕ್ಕಿನ ಬ್ರೈಟ್ ಬಾರ್ (ನುಣುಪಾದ ರಾಡು) ಕೊಳ್ಳಿ. ನಮ್ಮದು ಸಿಹಿನೀರು, ಗ್ರೀಸಿನೊಳಗಿರುವ ಶಾಫ್ಟಿಗೆ ಅಷ್ಟು ಸಾಕು.

ಇನ್ನು ತುಂಡಾದ ಬೋಲ್ಟಿನ ಮಾತು. ನಡುಕದಷ್ಟೇ ತಪ್ಪು ಕಪ್ಲಿಂಗಿನದೂ ಇದೆ. ಫ್ಯಾನು ನೀರನ್ನು ಹಿಂದಕ್ಕೆ ತಳ್ಳಿದಾಗ ಶಾಫ್ಟ್ ಮುಂದಕ್ಕೆ, ಎಂಜಿನ್ನಿನ ಕಡೆಗೆ ತಳ್ಳಲ್ಪಡುತ್ತದೆ. ನಿಮ್ಮಂಥ ಎಂಜಿನ್ನಿನಲ್ಲಿ ಈ ಒತ್ತು 50ರಿಂದ 70 ಕಿಲೊವರೆಗೆ ಹೋಗಬಹುದು. ಗಟ್ಟಿ ಕಪ್ಲಿಂಗ್ ಇದ್ದರೆ ಅಷ್ಟೂ ಒತ್ತು ಎಂಜಿನ್ನಿನ ಕ್ರ್ಯಾಂಕ್ ಬೇರಿಂಗ್ ಮೇಲೆ ಬೀಳುತ್ತದೆ, ಮತ್ತು ಎಂಜಿನ್ನಿಗೂ ಬಾಲಕ್ಕೂ ಇರುವ ಚೂರುಪಾರು ಓರೆಯನ್ನೆಲ್ಲ ಬೋಲ್ಟುಗಳೇ ನುಂಗಬೇಕಾಗುತ್ತದೆ. ಆದ್ದರಿಂದ ರಬ್ಬರ್ ಸ್ಪೈಡರ್ ಇರುವ ಲವ್‌ಜಾಯ್ ಕಪ್ಲಿಂಗ್ ಹಾಕಿ, ಎರಡು ಹಲ್ಲುಮುಖಗಳ ನಡುವೆ ಎರಡು ಮೂರು ಮಿ.ಮೀ. ಬಿಡುವು ಬಿಡಿ. ಒತ್ತನ್ನು ತಡೆಯಲು ಬಾಲದ ಮೇಲ್ತುದಿಯಲ್ಲೇ ಬೇರಿಂಗ್ ಕೂರುವ ಒಂದು ಹೌಸಿಂಗ್ ಇರಲಿ: ಮುಂದಿನ ಒತ್ತಿಗೆ 30204 ಟೇಪರ್ ರೋಲರ್ ಬೇರಿಂಗ್, ಹಿಂದಕ್ಕೆ ಸರಿಯದಂತೆ 6204 ಬಾಲ್ ಬೇರಿಂಗ್. ಎರಡಕ್ಕೂ ಒಳವ್ಯಾಸ 20, ಹೊರವ್ಯಾಸ 47 ಮಿ.ಮೀ. ಆಗಿರುವುದರಿಂದ ಹೌಸಿಂಗನ್ನು ಒಂದೇ ಅಳತೆಗೆ ಬೋರ್ ಮಾಡಿದರೆ ಮುಗಿಯಿತು. ಶಾಫ್ಟಿನ ಮೇಲೆ ಒಂದು ಕಾಲರನ್ನು ಬಿಸಿ ಮಾಡಿ ಏರಿಸಿದರೆ ಅದು ಟೇಪರ್ ಬೇರಿಂಗಿನ ಒಳರೇಸಿಗೆ ಒತ್ತು ಕೊಡುತ್ತದೆ.

ಒಂದು ಎಚ್ಚರಿಕೆ, ನಾನು ಸ್ವತಃ ಕೈ ಸುಟ್ಟುಕೊಂಡು ಕಲಿತದ್ದು. ಹೌಸಿಂಗನ್ನು ಮೊದಲು ಅಂದವಾಗಿ ಬೋರ್ ಮಾಡಿಸಿ, ಆಮೇಲೆ ಪೈಪಿಗೆ ವೆಲ್ಡ್ ಮಾಡಿದೆ. ಬೋರ್ ಅಂಡಾಕಾರಕ್ಕೆ ಎಳೆದುಕೊಂಡು ಬೇರಿಂಗ್ ಒಳಗೇ ಇಳಿಯಲಿಲ್ಲ. ಸುತ್ತಿಗೆಯಿಂದ ಇಳಿಸಿದರೆ ತಿರುಗಲಿಲ್ಲ. ಮೊದಲು ವೆಲ್ಡ್, ಅದೂ ಎದುರು ಬದುರು ಮಗ್ಗುಲಿಗೆ ತುಸುತುಸುವೇ ಟಾಕಾ ಹಾಕುತ್ತ. ಪೂರ್ತಿ ತಣ್ಣಗಾದ ಮೇಲೆ ಬೋರ್. ಈ ಕ್ರಮ ತಪ್ಪಬಾರದು. ಹಾಗೆಯೇ ಕಪ್ಲಿಂಗಿನ ತೂತು ಕೊರೆಸುವ ಮೊದಲು ಎಂಜಿನ್ ಶಾಫ್ಟನ್ನು ವರ್ನಿಯರ್ ಹಚ್ಚಿ ಅಳೆಯಿರಿ. ಈ ಎಂಜಿನ್ನುಗಳಲ್ಲಿ ಕೆಲವಕ್ಕೆ 20 ಮಿ.ಮೀ., ಕೆಲವಕ್ಕೆ ಮುಕ್ಕಾಲು ಇಂಚು ಅಂದರೆ 19.05 ಮಿ.ಮೀ. ಶಾಫ್ಟ್ ಇರುತ್ತದೆ, ಕಣ್ಣಿಗೆ ಎರಡೂ ಒಂದೇ.

ಬಾಲದ ಉದ್ದವನ್ನು ನಿರ್ಧರಿಸುವುದು ನೀರಿನ ಆಳವಲ್ಲ, ಎಂಜಿನ್ನು ಎಷ್ಟು ಬಾಗಬಹುದು ಎಂಬುದು. ಬಾಲ ಎಂಜಿನ್ನಿಗೆ ನೇರವಾಗಿ ಜೋಡಿಸಿರುವುದರಿಂದ ಬಾಲದ ಇಳಿಜಾರೇ ಎಂಜಿನ್ನಿನ ಇಳಿಜಾರು. ಈ ಎಂಜಿನ್ನುಗಳಲ್ಲಿ ಆಯಿಲ್ ಪಂಪ್ ಇಲ್ಲ, ಸಣ್ಣದೊಂದು ಚಮಚ ಆಯಿಲನ್ನು ಚಿಮ್ಮಿಸುತ್ತದೆ. ಈ ತರಗತಿಯ ಎಂಜಿನ್ನುಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಮಿತಿ 20 ಡಿಗ್ರಿ. ದೋಣಿಯ ಹಿಂಬದಿಯಲ್ಲಿ ಎಂಜಿನ್ ಕೂತು ತಿರುಗುವ ಕೀಲು ನೀರಿನಿಂದ 45 ಸೆಂ.ಮೀ. ಮೇಲಿದ್ದು, ಫ್ಯಾನಿನ ನಡು 12 ಸೆಂ.ಮೀ. ಒಳಗಿರಬೇಕೆಂದರೆ ಒಟ್ಟು ಇಳಿತ 57 ಸೆಂ.ಮೀ. ಕೀಲಿನಿಂದ ಫ್ಯಾನಿಗೆ 170 ಸೆಂ.ಮೀ. ಇದ್ದರೆ ಕೋನ 19.6 ಡಿಗ್ರಿ ಆಗುತ್ತದೆ, ಮಿತಿಯ ಅಂಚಿಗೆ ಬಂದಂತೆಯೇ. ಬಾಲವನ್ನು ಉದ್ದ ಮಾಡುವ ಬದಲು ಕೀಲನ್ನು 10 ಸೆಂ.ಮೀ. ಕೆಳಗಿಳಿಸಿದರೆ 16 ಡಿಗ್ರಿಗೆ ಬರುತ್ತದೆ. ರಾಡಿ ಬಂದಾಗ ಬಾಲ ಎತ್ತಿದರೆ ಎಂಜಿನ್ ಇನ್ನೊಂದು ಕಡೆಗೆ ಬಾಗುತ್ತದೆ. ಆಯಿಲ್ ಸೆನ್ಸರ್ ಇರುವ ಎಂಜಿನ್ನು ಆಗ ತಾನಾಗಿ ನಿಂತುಬಿಟ್ಟರೆ ಗಾಬರಿಯಾಗಬೇಡಿ, ಅದು ಕೆಟ್ಟಿರುವುದಿಲ್ಲ.

ಹಳೆಯ ಔಟ್‌ಬೋರ್ಡಿನ ಫ್ಯಾನನ್ನು ಗೋಡೆಗೆ ತೂಗುಹಾಕಿ, ಬಾಲಕ್ಕೆ ಹಾಕಬೇಡಿ. ಇಂಥ ಎಂಜಿನ್ನುಗಳ ಶಾಫ್ಟ್ ಅದರ ತುದಿಯಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ, ದೋಣಿಯ ಹಿಂದೆ ನಿಂತು ನೋಡಿದರೂ ಹಾಗೆಯೇ. ಸಾಮಾನ್ಯ ಔಟ್‌ಬೋರ್ಡಿನ ಫ್ಯಾನು ಗಡಿಯಾರದ ಮುಳ್ಳಿನಂತೆ ತಿರುಗಿದಾಗ ಮುಂದಕ್ಕೆ ತಳ್ಳುವಂಥದ್ದು. ಅದನ್ನು ಹಾಕಿದರೆ ದೋಣಿ ಹಿಂದಕ್ಕೆ ಹೋಗುತ್ತದೆ, ತಿರುವಿ ಹಾಕಿದರೂ ಅದರ ಕೈ, ಎಂದರೆ ಅಲಗಿನ ತಿರುವಿನ ದಿಕ್ಕು, ಬದಲಾಗುವುದಿಲ್ಲ. ಅಂಗಡಿಯಲ್ಲಿ ಎಡಗೈ ಫ್ಯಾನು, ಉದ್ದಬಾಲಕ್ಕೆ ಎಂದು ಸ್ಪಷ್ಟವಾಗಿ ಹೇಳಿ ಕೇಳಿ: ಎರಡು ಅಲಗು, 7 ಇಂಚು ವ್ಯಾಸ, 5 ಇಂಚು ಪಿಚ್ (ಜಾರದೆ ತಿರುಗಿದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ). ಪೂರ್ಣ ಹೊರೆಯಲ್ಲಿ ಎಂಜಿನ್ 3,400 ಸುತ್ತಿಗೆ ಏರದೆ ಉಸಿರುಗಟ್ಟಿದಂತಾದರೆ ಎರಡೂ ಅಲಗಿನ ತುದಿಯನ್ನು ಸಮನಾಗಿ ಐದು ಮಿ.ಮೀ. ಉಜ್ಜಿಸಿ.

ಫ್ಯಾನನ್ನು ನೀವೇ ವೆಲ್ಡ್ ಮಾಡುವುದಾದರೆ, ಚಪ್ಪಟೆ ಪಟ್ಟಿಗಳನ್ನು ಓರೆಯಾಗಿ ಹಚ್ಚಿದರೆ ಸಾಲದು. 5 ಇಂಚು ಪಿಚ್ ಬರಬೇಕಾದರೆ ನಡುವಿನಿಂದ 40 ಮಿ.ಮೀ. ದೂರದಲ್ಲಿ ಅಲಗಿನ ಓರೆ ಸುಮಾರು 27 ಡಿಗ್ರಿ, ತುದಿಯ ಹತ್ತಿರ 85 ಮಿ.ಮೀ. ದೂರದಲ್ಲಿ 13 ಡಿಗ್ರಿ ಇರಬೇಕು. ಅಲಗು ತಿರುಚಿಕೊಂಡೇ ಸಾಗಬೇಕು. ತೂಕದ ಸಮತೋಲವಂತೂ ಕಡ್ಡಾಯ. ನಡುವಿನಿಂದ 80 ಮಿ.ಮೀ. ದೂರದಲ್ಲಿ ಒಂದು ಅಲಗು ಬರಿ ಹತ್ತು ಗ್ರಾಂ ಭಾರವಾದರೆ 3,600 ಸುತ್ತಿನಲ್ಲಿ ಅದು ಹನ್ನೊಂದೂವರೆ ಕಿಲೊ ಬಲದಿಂದ ಬಾಲವನ್ನು ಸುತ್ತಲೂ ಜಗ್ಗುತ್ತದೆ. ನಾವು ಎಷ್ಟೇ ಬುಷ್ ಕೊಟ್ಟರೂ ಆ ಜಗ್ಗಾಟ ನಿಲ್ಲುವುದಿಲ್ಲ. ಎರಡು ಬ್ಲೇಡಿನ ಅಂಚುಗಳ ಮೇಲೆ ತೆಳು ಸರಳಿನಿಂದ ಫ್ಯಾನನ್ನು ನಿಲ್ಲಿಸಿ, ಕೆಳಗಿಳಿಯುವ ಅಲಗನ್ನು ಉಜ್ಜುತ್ತ ಹೋಗಿ.

10 ಎಚ್.ಪಿ. ಎಂಜಿನ್ ಏಕೆ ಬೇಡ ಎಂಬುದಕ್ಕೆ ದೋಣಿಯ ಉದ್ದವೇ ಉತ್ತರ. ನೀರನ್ನು ಸೀಳಿಕೊಂಡು ಹೋಗುವ ಹೊರೆ ದೋಣಿಯ ವೇಗ, ನೀರಿಗೆ ತಾಗಿದ ಉದ್ದದ ವರ್ಗಮೂಲವನ್ನು 4.5ರಿಂದ ಗುಣಿಸಿದಷ್ಟಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ದೋಣಿಯ 4.5 ಮೀಟರ್ ನೀರಿಗೆ ತಾಗುತ್ತದೆ ಎಂದುಕೊಂಡರೆ ಗಂಟೆಗೆ 9.5 ಕಿ.ಮೀ. ಅಲ್ಲಿಂದ ಮುಂದೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುವುದರಿಂದ ಹೆಚ್ಚಿನ ಶಕ್ತಿಯೆಲ್ಲ ಹಿಂದಿನ ಅಲೆಯಾಗಿ ಪೋಲಾಗುತ್ತದೆ, ಪೆಟ್ರೋಲ್ ಮಾತ್ರ ಸುಡುತ್ತದೆ. 6.5 ಎಚ್.ಪಿ.ಯನ್ನು ಅರ್ಧ ಹೊರೆಯಲ್ಲಿ ನಡೆಸಿದರೆ ಗಂಟೆಗೆ ಸುಮಾರು ಒಂದು ಲೀಟರಿನಲ್ಲಿ ಕೆಲಸವಾಗುತ್ತದೆ. ಗುಜರಿಯಲ್ಲಿ ಅಗ್ಗವಾಗಿ ಸಿಗುವ 1,500 ಸುತ್ತಿನ ಹಳೆಯ ಡೀಸೆಲ್ ಪಂಪ್‌ಸೆಟ್ ಎಂಜಿನ್ನಿನ ಆಸೆಯನ್ನೂ ಬಿಡಿ; ನೂರು ಕಿಲೊಗೂ ಮಿಕ್ಕಿದ ಭಾರವನ್ನು ಕೀಲಿನ ಮೇಲಿಟ್ಟು ತಿರುಗಿಸುವುದಾಗದು. ಬೆಲ್ಟ್ ಹಾಕಿ ವೇಗವನ್ನು ಅರ್ಧಕ್ಕಿಳಿಸಿದರೆ ದೊಡ್ಡ ಫ್ಯಾನು ಹಾಕಬಹುದು, ಅದು ಹೆಚ್ಚು ಚೆನ್ನಾಗಿ ತಳ್ಳುತ್ತದೆ ಎಂಬುದು ನಿಜ. ಆದರೆ ದೊಡ್ಡ ಫ್ಯಾನಿಗೆ ಆಳವಾದ ನೀರು ಬೇಕು, ನಿಮಗಿಲ್ಲದಿರುವುದು ಅದೇ.

ಬಾಲದ ಕೆಳತುದಿಗೆ, ಫ್ಯಾನಿಗೆ ಆದಷ್ಟು ಹತ್ತಿರ, 70 ಮಿ.ಮೀ. ಉದ್ದದ ಗನ್‌ಮೆಟಲ್ ಬುಷ್ ಇರಲಿ. ಅದರ ಆಚೆಗೆ 20×35×7 ಅಳತೆಯ ಎರಡು ಆಯಿಲ್ ಸೀಲ್. ಎರಡರ ತುಟಿಯೂ ನೀರಿನ ಕಡೆಗಿದ್ದರೆ ಗ್ರೀಸ್ ಒತ್ತಿದಾಗ ಹಳೆಯ ಗ್ರೀಸು ಕೆಸರನ್ನು ಹೊತ್ತುಕೊಂಡು ಹೊರಗೆ ಬರುತ್ತದೆ. ನಮ್ಮ ಎರೆಮಣ್ಣಿನ ರಾಡಿ ಸೀಲಿಗೆ ಅರಗೆಲಸ ಮಾಡುವಂಥದ್ದು. ಅದಕ್ಕಿಂತ ಕೆಟ್ಟದ್ದು ಹರಿದ ಬಲೆಯ ನೈಲಾನ್ ದಾರ. ಫ್ಯಾನಿಗೂ ಸೀಲಿಗೂ ನಡುವಿನ ಸಂದಿಯಲ್ಲಿ ಸುತ್ತಿಕೊಂಡು ಕರಗಿ ಸೀಲನ್ನೇ ಕೊಯ್ಯುತ್ತದೆ. ಆ ಸಂದಿ ಮುಚ್ಚುವಂತೆ ಪೈಪಿಗೊಂದು ತಗಡಿನ ಬಳೆ ವೆಲ್ಡ್ ಮಾಡಿಸಿ. ಫ್ಯಾನಿನ ಮೇಲೆ ಗಾಳಿ ಎಳೆಯದಂತೆ ಅಂಗೈ ಅಗಲದ ತಗಡು, ಕೆಳಗೆ ಬೊಡ್ಡೆಗೆ ತಾಗಿದರೆ ಬಾಲ ಜಾರಿ ಮೇಲೇಳುವಂತೆ ಓರೆಯಾದ ಒಂದು ಪಟ್ಟಿ, ಇವೂ ಬೇಕು. ದೋಣಿಯ ಹಿಂಬದಿಯ ಫೈಬರಿಗೆ ಒಳಗೂ ಹೊರಗೂ ಪ್ಲೈವುಡ್ ಕೊಟ್ಟು, ಅಗಲ ವಾಷರ್ ಹಾಕಿ ಬೋಲ್ಟು ಬಿಗಿಯದೆ ಕೀಲನ್ನು ಕೂಡಿಸಬೇಡಿ.

ಕ್ಲಚ್ ಇಲ್ಲದ ಬಾಲದಲ್ಲಿ ಎಂಜಿನ್ ಶುರುವಾದ ಕ್ಷಣವೇ ಫ್ಯಾನು ತಿರುಗುತ್ತದೆ. ಆದ್ದರಿಂದ ಬಾಲ ಎತ್ತಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡೇ ಹಗ್ಗ ಎಳೆಯಬೇಕು. ಹಣ ಒದಗಿದಾಗ ಮೊದಲು ಕೊಳ್ಳಬೇಕಾದದ್ದು, ಎಂಜಿನ್ ವೇಗ ಏರಿದಾಗ ಮಾತ್ರ ಫ್ಯಾನನ್ನು ತಿರುಗಿಸುವ ಸೆಂಟ್ರಿಫ್ಯೂಗಲ್ ಕ್ಲಚ್. ಕಪ್ಲಿಂಗಿನ ಮೇಲೆ ತಗಡಿನ ಮುಚ್ಚಳ ಇರಲೇಬೇಕು: ಹೆಗಲ ಮೇಲಿನ ವಲ್ಲಿಯ ತುದಿ ಅಲ್ಲಿಗೆ ಸಿಕ್ಕರೆ ಕುತ್ತಿಗೆಯನ್ನೂ ಎಳೆದುಕೊಳ್ಳುತ್ತದೆ. ಇಗ್ನಿಷನ್ ತಂತಿಯನ್ನು ಎಂಜಿನ್ನಿನ ಲೋಹದ ಮೈಗೆ ತಾಗಿಸಿ ಎಂಜಿನ್ ನಿಲ್ಲಿಸುವ ಸ್ವಿಚ್ಚಿಗೆ ಒಂದು ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ. ನೀರಿಗೆ ಬಿದ್ದರೆ ದೋಣಿ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ಇಬ್ಬರಿಗೂ ಲೈಫ್ ಜಾಕೆಟ್ ಇರಲಿ. ಎಂಜಿನ್ ಹಾಕಿದ ದೋಣಿಗೆ ಬೇಕಾದ ನೋಂದಣಿಯ ಬಗ್ಗೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಮೊದಲ ಪರೀಕ್ಷೆಯನ್ನು ದಂಡೆಯಲ್ಲಿ ದೋಣಿ ಕಟ್ಟಿ, ಫ್ಯಾನು ನೀರಿನಲ್ಲಿರುವಂತೆ ಮಾಡಿ. ವೇಗವನ್ನು ನಿಧಾನವಾಗಿ ಏರಿಸುತ್ತ ಹಿಂದೆ ನಡುಗುತ್ತಿದ್ದ ಮುಕ್ಕಾಲು ಭಾಗದಲ್ಲಿ ಒಂದು ನಿಮಿಷ ನಿಲ್ಲಿಸಿ, ಎಂಜಿನ್ ಆರಿಸಿದ ಮೇಲೆ ಪೈಪನ್ನು ಉದ್ದಕ್ಕೂ ಕೈಯಿಂದ ಮುಟ್ಟಿ ನೋಡಿ. ಯಾವುದಾದರೂ ಬುಷ್‌ನ ಜಾಗ ಬಿಸಿಯಾಗಿದ್ದರೆ ಅದು ಶಾಫ್ಟನ್ನು ಒಂದು ಪಕ್ಕಕ್ಕೆ ಒತ್ತುತ್ತಿದೆ ಎಂದು ತಿಳಿದು ಬಿಚ್ಚಿ, ಉಜ್ಜಿದ ಕಡೆ ಇನ್ನೊಂದಿಷ್ಟು ಸಡಿಲ ಕೊಡಿ. ಹತ್ತು ಗಂಟೆ ಓಡಿದ ಮೇಲೆ ಕೆಳಗಿನ ನಿಪ್ಪಲಿಗೆ ಗ್ರೀಸ್ ಒತ್ತಿ, ಹೊರಗೆ ಬಂದದ್ದನ್ನು ಬೆರಳಿನಲ್ಲಿ ತಿಕ್ಕಿ ನೋಡಿ. ಹಳೆಯ ಬಣ್ಣದಲ್ಲೇ ನುಣ್ಣಗಿದ್ದರೆ ಸರಿ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಎರಡೂ ಸೀಲ್ ಬದಲಿಸಿ. ಬೆರಳಿಗೆ ಮರಳಿನಂತೆ ಹತ್ತಿದರೆ ಸೀಲಿನ ಜೊತೆಗೆ ಗನ್‌ಮೆಟಲ್ ಬುಷ್‌ನ ಸಡಿಲನ್ನೂ ಅಳೆಯಿರಿ.